ರಜಾಕ್ ಸಾಬರು ಹತ್ತಿರ ಬಂದರೆ

ಮಳೆ ಎಷ್ಟು ಇಂಚು ಬಂತು ಎನ್ನುವ ವಿಷಯವೊಂದನ್ನು ಬಿಟ್ಟರೆ ನಾನು ಯಾವುದರಲ್ಲೂ ಸುಳ್ಳು ಹೇಳುವುದಿಲ್ಲ. ಮಳೆಯ ವಿಷಯದಲ್ಲಿ ನಮ್ಮ ಕಡೆಯವರಿಗೆಲ್ಲ ಎರಡಿಂಚು ರಿಯಾಯಿತಿ ಇದೆ, ಮೂಡಿಗೆರೆಯವರಿಗೆ ನಾಲ್ಕಿಂಚು. ಆದ್ದರಿಂದ ಈಗ ಹೇಳುವುದನ್ನು ನಂಬಬೇಕು. ನಂಬದವರು ಚಿಕ್ಕಮಗಳೂರಿಗೆ ಬಂದು ಆ ಕುರ್ಚಿಯನ್ನು ನೋಡಿಕೊಂಡು ಹೋಗಬಹುದು.

ಕುರ್ಚಿ ಇರುವುದು ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ. ಅಲ್ಲಿ ನಾನು ರೈಟರ್, ಎಂದರೆ ಲೆಕ್ಕ ಬರೆಯುವವನು. ತೋಟಗಳಿಂದ ಬಂದ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ ಬಿಡಿಸಿ, ದಪ್ಪ ಸಣ್ಣ ಬೇರೆ ಮಾಡಿ, ಕೆಟ್ಟ ಬೀಜ ಆರಿಸಿ, ಚೀಲ ತುಂಬಿ ಕಳಿಸುವ ಜಾಗ ಅದು. ಆರಿಸುವವರೆಲ್ಲ ಹೆಂಗಸರು. ನೆಲದ ಮೇಲೆ ಸಾಲಾಗಿ ಕೂತು, ಮುಂದೆ ಬೀಜ ಹರಡಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಆರಿಸುತ್ತಾರೆ. ಅಂಜನಮ್ಮ ಹಾಗೆ ಇಪ್ಪತ್ತೆರಡು ವರ್ಷ ಕೂತವಳು. ಕರಿ ಬೀಜವನ್ನು ಅವಳು ಕಣ್ಣಿನಿಂದಲ್ಲ, ಬೆರಳಿನಿಂದಲೇ ಹಿಡಿಯುತ್ತಾಳೆ. ಒಮ್ಮೆ ಮೋಡ ಕವಿದ ಮಧ್ಯಾಹ್ನ ಕರೆಂಟ್ ಹೋದಾಗ ಕತ್ತಲಲ್ಲೇ ಎರಡು ಚೀಲ ಆರಿಸಿ ಮುಗಿಸಿದ್ದಳು. ಕರೆಂಟ್ ಬಂದ ಮೇಲೆ ನೋಡಿದರೆ ಅಷ್ಟರಲ್ಲಿ ಒಂದೇ ಒಂದು ಕರಿ ಬೀಜ ಉಳಿದಿತ್ತು. ಅದೂ ಬೀಜವಲ್ಲ, ನನ್ನ ಅಂಗಿಯ ಗುಂಡಿ.

ಕಳೆದ ವರ್ಷ ಜನವರಿಯಲ್ಲಿ ಸಾಹುಕಾರರು, ಎಂದರೆ ಮಲ್ಲಿಕಾರ್ಜುನಪ್ಪನವರು, ಚೀಲ ತುಂಬುವ ಹೊಸ ಮೆಷಿನ್ ತರಿಸಿದರು. ನೋಡಿಕೊಳ್ಳಲು ಒಬ್ಬರು ಬೇಕಲ್ಲ? ಮೊದಲು ಒಬ್ಬ ಗಂಡಸನ್ನು ಕೂರಿಸಿದರು. ಅವನು ಮೊಬೈಲ್ ನೋಡುತ್ತ ಹನ್ನೊಂದು ಚೀಲ ಕಾಫಿಯನ್ನು ನೆಲಕ್ಕೆ ಸುರಿಸಿದ. ಎರಡನೆಯವನು ನಿದ್ದೆಹೋದ, ಮೆಷಿನ್ ಅವನನ್ನೂ ಚೀಲ ಅಂದುಕೊಂಡು ಬಾಯಿ ಹೊಲಿಯಲು ಹೊರಟಿತ್ತು. ಮೂರನೆಯವಳಾಗಿ ಅಂಜನಮ್ಮ ಬಂದಳು. ಅರ್ಧ ದಿನದಲ್ಲಿ ಕಲಿತಳು.

ಮೆಷಿನ್ ಜೊತೆಗೆ ಒಂದು ಕುರ್ಚಿಯೂ ಬಂದಿತ್ತು. ನೀಲಿ ಬಣ್ಣ, ಒರಗಲು ಬೆನ್ನು, ಸುತ್ತಲೂ ತಿರುಗುತ್ತದೆ. ಮೊದಲ ಎರಡು ದಿನ ಅಂಜನಮ್ಮ ರಶ್ಶಿನ ಬಸ್ಸಿನಲ್ಲಿ ಮೂರನೆಯವಳಾಗಿ ಸೀಟು ಹಿಡಿದ ಹಾಗೆ ಅದರ ತುದಿಯಲ್ಲಿ ಕೂತಳು. ಮೂರನೇ ದಿನ ಬೆನ್ನು ಒರಗಿಸಿದಳು. ಇಪ್ಪತ್ತೆರಡು ವರ್ಷದ ಸೊಂಟನೋವು ಅವತ್ತು ಅವಳನ್ನು ಬಿಟ್ಟು ನನಗೆ ಬಂತು ಎಂದು ನನ್ನ ಅನುಮಾನ.

ಕೆಳಗಿನ ಸಾಲಿನಲ್ಲಿ ಅವಳ ಪಕ್ಕದಲ್ಲೇ ಕೂರುತ್ತಿದ್ದ ಕುಸುಮಾ ತಲೆ ಎತ್ತಿ ಕೇಳಿದಳು:

“ಏನಕ್ಕಾ, ಮೇಲಿಂದ ನಾವೆಲ್ಲ ಹೆಂಗ್ ಕಾಣ್ತೀವಿ?”

“ನಿನ್ ಬೈತಲೆ ಸೊಟ್ಟ ಕಾಣ್ತದೆ ಕಣೇ.”

ಕುರ್ಚಿಗೆ ಒಂದು ತಿಂಗಳು ತುಂಬಿದ ದಿನ ಕೆಳಗಿನ ಹೆಂಗಸರೆಲ್ಲ ಸೇರಿ ಅಂಜನಮ್ಮನಿಗೆ ಒಂದು ಉಡುಗೊರೆ ಕೊಟ್ಟರು. ಏನೆಂದು ನನಗೆ ಕಾಣಲಿಲ್ಲ. ಸೆರಗಿನಲ್ಲಿ ಮುಚ್ಚಿ ಕೊಟ್ಟರು, ಅವಳೂ ಸೆರಗಿನಲ್ಲಿ ಮುಚ್ಚಿ ತೆಗೆದುಕೊಂಡಳು. ಅದನ್ನು ಆಗಲೇ ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಈಗ ಮೆಷಿನ್ ವಿಷಯ. ಅದನ್ನು ಜೋಡಿಸಿದವರು ರಜಾಕ್ ಸಾಬರು. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಮೆಷಿನ್‌ಗಳನ್ನು ನೋಡಿಕೊಳ್ಳುತ್ತಿದ್ದವರು. ಗಣಿ ನಿಂತ ಮೇಲೆ ಇಲ್ಲಿ ಮೂಡಿಗೆರೆ ರಸ್ತೆಯಲ್ಲಿ ವರ್ಕ್‌ಶಾಪ್ ಇಟ್ಟರು. ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಯಾವಾಗಲೂ ಒಂದು ಸಣ್ಣ ಸ್ಪ್ಯಾನರ್ ಇರುತ್ತದೆ. ಮಗಳ ಮದುವೆಯ ಫೋಟೋದಲ್ಲೂ ಇದೆ.

ಚೀಲ ತುಂಬಿ ತೂಕ ಆದ ಕೂಡಲೇ ಒಂದು ಕಬ್ಬಿಣದ ತೋಳು ಬಂದು ಅದನ್ನು ಬೆಲ್ಟಿನ ಮೇಲಕ್ಕೆ ನೂಕುತ್ತದೆ, ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ. ತೋಳು ವಾಪಸು ಬಂದಿದೆ ಎಂದು ಖಾತ್ರಿಯಾಗದೆ ಮುಂದಿನ ಚೀಲಕ್ಕೆ ಕಾಫಿ ಬಿಡುವಂತಿಲ್ಲ. ಆ ಖಾತ್ರಿ ಕೊಡುವುದಕ್ಕೆ ಅಲ್ಲೊಂದು ಹೆಬ್ಬೆರಳು ಗಾತ್ರದ ಹಿತ್ತಾಳೆಯ ಕೊಳವೆ. ಮೂತಿಗೆ ಪ್ಲಾಸ್ಟಿಕ್ ಟೋಪಿ, ಬಾಲಕ್ಕೆ ವೈರು, ಬೆನ್ನಿನ ಮೇಲೆ ಸಾಸಿವೆ ಕಾಳಿನಷ್ಟು ಹಳದಿ ದೀಪ. ಪ್ರಾಕ್ಸಿಮಿಟಿ ಸ್ವಿಚ್ ಎಂದು ಅದರ ಹೆಸರು. ಸಾಬರು ಮುದ್ದಿನಿಂದ ಪ್ರಾಕ್ಸಿ ಎನ್ನುತ್ತಾರೆ.

ನಾನು ಅದನ್ನು ಸುತ್ತಲೂ ನೋಡಿ ಕೇಳಿದೆ: “ಸ್ವಿಚ್ ಅಂತೀರಿ, ಒತ್ತೋದು ಎಲ್ಲಿ ಸಾಬ್ರೇ?”

“ಒತ್ತಂಗಿಲ್ಲ ಮಾರಾಯ್ರೇ. ಮುಟ್ಟಂಗೂ ಇಲ್ಲ. ಹತ್ರ ಬಂದ್ರೆ ಸಾಕು.”

“ಅದಕ್ಕೆ ಹೆಂಗ್ ಗೊತ್ತಾಗ್ತದೆ?”

“ಒಳಗೊಂದು ತಂತಿ ಸುರುಳಿ ಉಂಟು. ಅದು ಮೂತಿ ಮುಂದೆ ಬೆರಳಗಲ ಜಾಗದಲ್ಲಿ ಅಯಸ್ಕಾಂತದ ಅಲೆ ಎಬ್ಬಿಸ್ತಾ ಕೂತಿರ್ತದೆ. ಕೆರೆ ದಂಡೇಲಿ ಕೂತು ಕಾಲು ಆಡಿಸ್ದಂಗೆ. ಆ ಜಾಗಕ್ಕೆ ಕಬ್ಬಿಣ ಬಂತು ಅಂದ್ರೆ ಆ ಕಬ್ಬಿಣ ಅಲೇನ ಕುಡ್ದುಬಿಡ್ತದೆ. ಅಲೆ ಸುಸ್ತಾಗ್ತದೆ. ಸುಸ್ತಾಯ್ತು ಅಂದ್ರೆ, ಓಹೋ ಯಾರೋ ಬಂದ್ರು ಅಂತ ಇದಕ್ಕೆ ಗೊತ್ತಾಗ್ತದೆ. ದೀಪ ಹತ್ತಿಸ್ತದೆ, ಮೆಷಿನ್‌ಗೆ ಸುದ್ದಿ ಕಳಿಸ್ತದೆ.”

“ಕೈ ಅಡ್ಡ ಇಟ್ರೆ?”

“ಕೈ ಇಡಿ, ತಲೆ ಇಡಿ, ಮರ ಇಡಿ, ಒಂದು ಮೂಟೆ ಕಾಫಿ ಸುರೀರಿ, ಅದಕ್ಕೆ ಲೆಕ್ಕಕ್ಕೇ ಇಲ್ಲ. ಲೋಹ ಆಗ್ಬೇಕು. ಕಬ್ಬಿಣ ಅಂದ್ರೆ ಪ್ರಾಣ. ತಾಮ್ರ, ಹಿತ್ತಾಳೆ ಆದ್ರೆ ಇನ್ನೂ ಹತ್ರ ಬರ್ಬೇಕು. ಒತ್ತೋ ಸ್ವಿಚ್ ಹಾಕಿದ್ರೆ ಈ ಕಾಫಿ ಹೊಟ್ಟಲ್ಲಿ ಒಂದೇ ತಿಂಗಳಿಗೆ ಸಿಕ್ಕಾಕ್ಕೊಳ್ತಿತ್ತು. ಇದ್ರಲ್ಲಿ ಸವೆಯೋಕೆ ಏನೂ ಇಲ್ಲ ನೋಡಿ.”

ಕೆಳಗೆ ಬೀಜ ಆರಿಸುತ್ತಿದ್ದ ಕುಸುಮಾ ತಲೆ ಎತ್ತದೆ ಹೇಳಿದಳು: “ನಮ್ಮತ್ತೆ ಬಂದ್ರೆ ನಂಗೂ ಹಿಂಗೇ ಸಾಬ್ರೇ. ಮುಟ್ಟೋದೇ ಬೇಡ, ಗೇಟಿನ ಹತ್ರ ಬಂದ್ರೆ ಸಾಕು, ದೀಪ ಹತ್ತುತ್ತೆ.”

ಇಂಥ ಸ್ವಿಚ್ಚು ಎರಡಿವೆ. ತೋಳು ಮನೆಯಲ್ಲಿದೆ, ಎಂದರೆ ತನ್ನ ಜಾಗದಲ್ಲಿದೆ, ಎಂದು ಹೇಳಲು ಒಂದು, ತೋಳು ಬೆಲ್ಟಿನ ಹತ್ತಿರ ಹೋಗಿದೆ ಎಂದು ಹೇಳಲು ಇನ್ನೊಂದು. ಎರಡೂ ಒಟ್ಟಿಗೆ ‘ಇಲ್ಲಿದೆ, ಇಲ್ಲಿದೆ’ ಎಂದರೆ ಮೆಷಿನ್‌ಗೆ ತಲೆ ಕೆಡುತ್ತದೆ. ಒಂದೇ ತೋಳು ಎರಡು ಕಡೆ ಹೇಗಿರಲು ಸಾಧ್ಯ? ಕೆಂಪು ದೀಪ ಹತ್ತಿಸಿಕೊಂಡು ನಿಂತುಬಿಡುತ್ತದೆ. ಹೋಟೆಲಿನಲ್ಲಿ ಕೂತು ಫೋನಿನಲ್ಲಿ ‘ಮನೇಲೇ ಇದ್ದೀನಿ’ ಎನ್ನುವ ಗಂಡಸರಿಗೆಲ್ಲ ಇಂಥದ್ದೊಂದು ಹಾಕಿಸಬೇಕು ಎಂದು ಕುಸುಮಾ ಸೂಚಿಸಿದಳು. ಸಾಬರೂ ನಾನೂ ಬೇರೆ ವಿಷಯ ಮಾತಾಡಿದೆವು.

ಮಾರ್ಚ್ ಮೊದಲ ವಾರ ಮೆಷಿನ್ ನಿಂತಿತು.

ಸಾಹುಕಾರರು ಆಫೀಸಿನಿಂದ ಓಡಿ ಬಂದರು. ಚಾಲು ಮಾಡುವ ಹಸಿರು ಗುಂಡಿಯನ್ನು ಇಪ್ಪತ್ತು ಸಲ ಒತ್ತಿದರು. ಅಂಜನಮ್ಮ ಮೆಷಿನ್‌ಗೆ ಮೈ ತಾಗಿಸಿಕೊಂಡು ಅಲ್ಲಾಡದೆ ನಿಂತಿದ್ದಳು. ಮೆಷಿನ್ ಹೊರಡಲಿಲ್ಲ. ರಜಾಕ್ ಸಾಬರಿಗೆ ಫೋನ್ ಹೋಯಿತು. ಅವರ ಸ್ಕೂಟರ್ ಸದ್ದು ಕೇಳಿದ ಕೂಡಲೇ ಸಾಹುಕಾರರು ಎದುರುಗೊಳ್ಳಲು ಗೇಟಿಗೆ ಹೋದರು, ಕರೆದುಕೊಂಡು ಬಂದರು. ಸಾಬರು ಹಸಿರು ಗುಂಡಿಯ ಮೇಲೆ ಬೆರಳಿಟ್ಟರು, ಅಷ್ಟೆ. ಮೆಷಿನ್ ಹೊರಟಿತು.

ಎರಡು ದಿನ ಬಿಟ್ಟು ಮತ್ತೆ ನಿಂತಿತು. ಸಾಹುಕಾರರು ಒತ್ತಿದರೆ ಹೊರಡಲಿಲ್ಲ. ಸಾಬರು ಬಂದರು, ಹೊರಟಿತು. ಅವರು ಸ್ವಿಚ್ಚನ್ನೇ ಬದಲಾಯಿಸಿದರು. ವೈರನ್ನು ಬುಡದಿಂದ ತುದಿಯವರೆಗೆ ಮುಟ್ಟಿ ನೋಡಿದರು. ತೋಳಿಗೂ ಸ್ವಿಚ್ಚಿಗೂ ನಡುವಿನ ಅಂತರ ಅಳೆದರು. ಎಲ್ಲ ಸರಿಯಾಗಿತ್ತು. ಶುಕ್ರವಾರ ಮತ್ತೆ ನಿಂತಿತು. ಸಾಬರು ಬಂದರು, ಹೊರಟಿತು. ನಾಲ್ಕನೇ ಸಲ ಗುಂಡಿಯನ್ನೂ ಮುಟ್ಟಲಿಲ್ಲ. ಸಾಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಾಹುಕಾರರೇ ಒತ್ತಿದರು, ಹೊರಟಿತು.

ಸಾಹುಕಾರರು ಮೆಷಿನ್ ನೋಡಿದರು, ಸಾಬರನ್ನು ನೋಡಿದರು.

“ಸಾಬ್ರೇ, ಇದು ನಿಮ್ಮ ಕೈಗುಣ ಅಲ್ಲ. ನೀವು ಹತ್ರ ಬಂದ್ರೇ ಸಾಕು ಇದಕ್ಕೆ!”

ಮಾತು ಕಾಂಪೌಂಡ್ ದಾಟಿತು. ಮರುದಿನ ಸಾಬರ ವರ್ಕ್‌ಶಾಪಿನ ಮುಂದೆ ಒಂದು ಪಂಪ್‌ಸೆಟ್, ಎರಡು ಮಿಕ್ಸಿ, ಯಾವತ್ತೋ ನಿಂತುಹೋಗಿದ್ದ ಒಂದು ಗೋಡೆ ಗಡಿಯಾರ ಸಾಲಾಗಿ ಕೂತಿದ್ದವು. ಬಿಚ್ಚುವುದು ಬೇಡ, ಸುಮ್ಮನೆ ಪಕ್ಕದಲ್ಲಿ ನಿಂತರೆ ಸಾಕು ಎಂದು ತಂದವರ ಬೇಡಿಕೆ. ಅದೇ ರಸ್ತೆಯ ಗುರುವಯ್ಯನವರಂತೂ ಹಾಲು ಕೊಡದ ಹಸುವನ್ನೇ ಹೊಡೆದುಕೊಂಡು ಬಂದರು. ಸಾಬರು ಬೇಡವೆಂದರೂ ಬಿಡದೆ ಹಸುವನ್ನು ಅವರ ಪಕ್ಕಕ್ಕೆ ನೂಕಿದರು. ಹಸು ಸಾಬರಿಗೆ ಒಂದು ಒದೆ ಕೊಟ್ಟಿತು. ಸಾಯಂಕಾಲ ಮುಕ್ಕಾಲು ಲೀಟರ್ ಹಾಲನ್ನೂ ಕೊಟ್ಟಿತು. ಮುಕ್ಕಾಲು ಎಂದು ನಾನು ಹೇಳುತ್ತಿದ್ದೇನೆ. ಗುರುವಯ್ಯ ಎರಡೂವರೆ ಎನ್ನುತ್ತಾರೆ. ಅವರು ಮೂಡಿಗೆರೆ ಕಡೆಯವರು.

ಇದನ್ನೆಲ್ಲ ನಂಬದೆ ಇದ್ದವರು ಊರಿಗೆ ಒಬ್ಬರೇ, ಸಾಬರ ಹೆಂಡತಿ ರಹೀಮುನ್ನೀಸಾ. ನನ್ನೆದುರೇ ಕೇಳಿದರು: “ಮೂವತ್ತೆರಡು ವರ್ಷದಿಂದ ಹತ್ರಾನೇ ಇದ್ದೀರಲ್ಲ, ನಮ್ಮನೆ ಗ್ರೈಂಡರ್ ಯಾಕೆ ಸರಿಯಾಗಿಲ್ಲ?”

ಕಳಸದಲ್ಲಿರುವ ಮಗಳು ಶೈಮಾಳ ಮನೆಗೆ ಸಾಬರು ಹೋಗಿದ್ದ ದಿನ ಮೆಷಿನ್ ಮತ್ತೆ ಕೈಕೊಟ್ಟಿತು. ಒಳಗಿನ ಬೇರೆ ಮೆಷಿನ್‌ಗಳ ಗದ್ದಲದಲ್ಲಿ ಫೋನ್ ಕೇಳುವುದಿಲ್ಲವಾದ್ದರಿಂದ ಸಾಹುಕಾರರು ಅಂಗಳಕ್ಕೆ ಹೋಗಿ ಫೋನ್ ಹಚ್ಚಿದರು. ಆಮೇಲೆ ಸ್ಪೀಕರ್ ಹಾಕಿಕೊಂಡು ಒಳಗೆ ಬಂದು ಫೋನನ್ನು ಮೆಷಿನ್ ಹತ್ತಿರ ಹಿಡಿದರು.

“ಮಾತಾಡಿ ಸಾಬ್ರೇ.”

“ಎಂತ ಮಾತಾಡ್ಲಿ ಸಾರ್ ಮೆಷಿನ್ ಹತ್ರ?”

ಸಾಹುಕಾರರು ಗುಂಡಿ ಒತ್ತಿದರು. ಹೊರಟಿತು! ಸಾಬರ ಪ್ರಕಾರ ಪ್ರಾಕ್ಸಿ ಸ್ವಿಚ್ಚಿನ ಶಕ್ತಿ ಬೆರಳಗಲ. ಅವತ್ತು ಅದು ತೊಂಬತ್ತು ಕಿಲೋಮೀಟರ್ ದೂರಕ್ಕೆ ಕೆಲಸ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಾರಿಯಲ್ಲಿ ಘಾಟಿ ಬೇರೆ ಇದೆ.

ಅದೇ ದಿನ ಸಂಜೆ ಸಾಹುಕಾರರು ತೀರ್ಮಾನ ಹೇಳಿದರು. ಸೋಮವಾರದಿಂದ ಆ ಕುರ್ಚಿಯಲ್ಲಿ ರಜಾಕ್ ಸಾಬರು ಕೂರಬೇಕು. ಅವರು ಒಲ್ಲೆ ಎಂದರೆ ಹಾಸನದಿಂದ ಬೇರೆ ಆಪರೇಟರ್ ಬರುತ್ತಾನೆ. ಹೇಗಾದರೂ ಅಂಜನಮ್ಮ ವಾಪಸು ನೆಲಕ್ಕೆ.

“ನಿನ್ ತಪ್ಪು ಅಂತಲ್ಲಮ್ಮ,” ಎಂದರು ಅವಳಿಗೆ. “ಮೆಷಿನ್‌ಗೆ ನೀನು ಒಗ್ಗಲಿಲ್ಲ, ಅಷ್ಟೆ.”

ಅವರು ಹೋದ ಮೇಲೆ ಅಂಜನಮ್ಮ ಕುರ್ಚಿಯ ಬೆನ್ನಿಗೆ ಅಂಟಿದ್ದ ಕಾಫಿ ಹೊಟ್ಟನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತಳು.

“ಇಳಿಯೋಕೆ ಬೇಜಾರಿಲ್ಲ ರೈಟ್ರೇ. ನೆಲ ನಂಗೇನು ಹೊಸದಾ? ಆದ್ರೆ ನಾಳೆ ಎಂತ ಹೇಳ್ತಾರೆ ಹೇಳಿ? ಹೆಂಗಸು ಮುಟ್ಟಿದ್ ಮೆಷಿನ್ ನಿಂತೋಯ್ತು ಅಂತಾರೆ. ಆಮೇಲೆ ಈ ಕುಸುಮಾನ್ನೂ ಕೂರಿಸಲ್ಲ, ಇವಳ ಮಗಳನ್ನೂ ಕೂರಿಸಲ್ಲ.”

ಕುಸುಮಾ ಅವತ್ತು ಏನೂ ತಮಾಷೆ ಮಾಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಶನಿವಾರ ಬೆಳಿಗ್ಗೆ, ಸೈರನ್ ಕೂಗುವ ಮೊದಲೇ, ಸಾಬರು ಸ್ಕೂಟರನ್ನು ಎಲ್ಲೋ ಬಿಟ್ಟು ಹಿಂಬಾಗಿಲಿನಿಂದ ಬಂದು ನನ್ನೆದುರು ನಿಂತರು.

“ನಾನ್ ಬಂದ್ರೆ ಸರಿಯಾಗೋ ಮೆಷಿನ್ನು ಈ ಪ್ರಪಂಚದಲ್ಲಿಲ್ಲ ಮಾರಾಯ್ರೇ. ನಾನ್ ಬರೋದ್ರೊಳಗೆ ಅಲ್ಲಿಂದ ಎಂತದೋ ಎದ್ದು ಹೋಗ್ತಾ ಉಂಟು. ಅದೇನು ಅಂತ ನೋಡ್ಬೇಕು. ನಾನು ಇರ್ಬೇಕು, ಆದ್ರೆ ಇಲ್ಲದಂಗೆ ಇರ್ಬೇಕು.”

ಮೆಷಿನ್ ಎದುರಿಗೆ ತುಂಬಿದ ಚೀಲಗಳ ಅಟ್ಟಿ ಇತ್ತು. ನಾವಿಬ್ಬರೂ ಸೇರಿ ನಡುವೆ ಒಬ್ಬರು ಕೂರುವಷ್ಟು ಗೂಡು ಮಾಡಿದೆವು. ಸಾಬರು ಒಳಗೆ ಇಳಿದರು. ಎದುರಿಗೆ ನೋಡಲು ನಾಲ್ಕು ಬೆರಳಿನ ಸಂದಿ ಬಿಟ್ಟು, ಮೇಲೆ ಖಾಲಿ ಗೋಣಿ ಹೊದಿಸಿದೆ. ಫೋನ್ ಬಡಿದುಕೊಂಡೀತು ಎಂದು ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಅರೇಬಿಕಾ ಚೀಲಗಳ ನಡುವೆ ಮೂರು ಗಂಟೆ ಕೂತಿದ್ದರಿಂದ ಅವರಿಗೆ ಆಮೇಲೆ ನಾಲ್ಕು ದಿನ ನಿದ್ದೆ ಬರಲಿಲ್ಲವಂತೆ. ಅದಕ್ಕಿಂತ ಕಡಕ್ಕಾದ ರೊಬಸ್ಟಾ ಆಗಿದ್ದರೆ ಎಂಟು ದಿನ ಆಗುತ್ತಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಮೆಷಿನ್ ನಿಂತಿತು. ಸಾಹುಕಾರರು ಬಂದರು, ಗುಂಡಿ ಒತ್ತಿದರು, ಅಂಗಳಕ್ಕೆ ಹೋದರು. ನನ್ನ ಜೇಬಿನಲ್ಲಿ ಸಾಬರ ಫೋನ್ ನಡುಗಿತು. ನಾನು ಅಟ್ಟಿಯ ಹಿಂದೆ ಹೋಗಿ ಸಂದಿಯಲ್ಲಿ ಫೋನ್ ತೂರಿಸಿದೆ.

“ಹಲೋ ಸಾರ್,” ಎಂದಿತು ಕಾಫಿ ಚೀಲ.

ಸಾಹುಕಾರರು ಫೋನ್ ಹಿಡಿದು ಮಾತಾಡುತ್ತಲೇ ಒಳಗೆ ಬಂದರು. “ಏನ್ ಸಾಬ್ರೇ, ನೀವಿರೋ ಕಡೇನೂ ಸಿಪ್ಪೆ ಬಿಡಿಸೋ ಮೆಷಿನ್ ಸದ್ದು ಕೇಳ್ತದಲ್ಲ?”

“ಹೌದು ಸಾರ್. ಇಲ್ಲೂ ಒಂದು ಕಾಫಿ ಮೆಷಿನ್ ಹತ್ರಾನೇ ಕೂತಿದ್ದೀನಿ.”

ಗುಂಡಿ ಒತ್ತಿದರು, ಹೊರಟಿತು. ಸಾಹುಕಾರರು ಮಾತ್ರ ಹೊರಡಲಿಲ್ಲ. ಕತ್ತು ಓರೆ ಮಾಡಿ ನನ್ನನ್ನು ಕೇಳಿದರು: “ಸಾಬ್ರ ಧ್ವನಿ ಎರಡೆರಡು ಸಲ ಕೇಳ್ಸಿತಲ್ಲ ರೈಟ್ರೇ?”

“ತಗಡಿನ ಗೋಡೌನ್ ಅಲ್ವಾ ಸಾರ್, ಮಾರ್ದನಿ.”

“ಮೊದಲೇ ಕೇಳ್ಸಿತು, ಆಮೇಲೆ ಫೋನಲ್ಲಿ ಬಂತು.”

“ಈ ಸಲದ ಮಾರ್ದನಿ ಸ್ವಲ್ಪ ಬೇಗ ಬಂದಿದೆ ಸಾರ್. ಬಿಸಿಲು ಜಾಸ್ತಿ.”

ಅವರು ತಲೆಯಾಡಿಸಿ ಹೋದರು. ಅವರ ಚಪ್ಪಲಿ ಸದ್ದು ಅಡಗಿದ ಮೇಲೆ ಗೋಣಿ ಸರಿಯಿತು; ಮೈತುಂಬ ಹೊಟ್ಟು ಅಂಟಿಸಿಕೊಂಡು ಸಾಬರು ಎದ್ದರು. ಅಂಜನಮ್ಮ ಕಿರುಚಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಬಾಯಿ ಕೆಂಪಗಿತ್ತು.

“ಸೊಂಟದಲ್ಲಿ ಇರೋದನ್ನ ತೆಗೀ ಅಂಜನಮ್ಮ,” ಎಂದರು ಸಾಬರು, ಮೆತ್ತಗೆ.

ಅವಳು ನನ್ನ ಮುಖ ನೋಡಿದಳು, ಕುಸುಮಾಳ ಮುಖ ನೋಡಿದಳು. ಆಮೇಲೆ ಸೀರೆಯ ಮಡಿಕೆಯಿಂದ ಒಂದು ಎಲೆ ಅಡಿಕೆ ಡಬ್ಬಿ ತೆಗೆದಳು. ಥಳಥಳ ಸ್ಟೀಲು. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಕೆತ್ತಿಸಿತ್ತು.

ಅವಳು ಹೆದರಿದ್ದು ಯಾಕೆಂದು ಹೇಳಬೇಕು. ನಮ್ಮ ಕಾಫಿ ಹಡಗು ಹತ್ತಿ ಹೋಗುವಂಥದ್ದು; ಆದ್ದರಿಂದ ಒಳಗೆ ಬೀಡಿ, ಎಲೆ ಅಡಿಕೆ ಯಾವುದೂ ಕೂಡದು, ಕಂಡರೆ ಅದೇ ದಿನ ಗೇಟಿನ ಹೊರಗೆ ಎಂದು ಸಾಹುಕಾರರು ಬೋರ್ಡ್ ಹಾಕಿಸಿದ್ದಾರೆ. ಹೆಂಗಸರು ಬೋರ್ಡಿಗೆ ನಮಸ್ಕಾರ ಮಾಡಿ ಒಳಗೆ ಬಂದು ಹಾಕಿಕೊಳ್ಳುತ್ತಾರೆ. ಮೊದಲೆಲ್ಲ ಅಂಜನಮ್ಮನ ಎಲೆ ಅಡಿಕೆ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತಿತ್ತು. ಕುರ್ಚಿ ಹತ್ತಿದ ಆಪರೇಟರಮ್ಮ ಹರಕು ಕವರ್ ಹಿಡಿಯುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಕೆಳಗಿನವರೆಲ್ಲ ಸೇರಿ ಕೊಟ್ಟ ಡಬ್ಬಿ ಅದು. ಅದನ್ನು ಇಡಲು ಮೆಷಿನ್ ಮೈಯಲ್ಲೇ ಒಂದು ಅಡ್ಡಪಟ್ಟಿ ಇತ್ತು. ಡಬ್ಬಿಗೆ ಅಳತೆ ತೆಗೆದು ಮಾಡಿಸಿದ ಹಾಗೆ. ಅದರ ತುದಿಯಲ್ಲೇ, ತೋಳು ಮನೆಯಲ್ಲಿದೆ ಎಂದು ಹೇಳುವ ಪ್ರಾಕ್ಸಿ ಸ್ವಿಚ್.

“ಡಬ್ಬಿ ನಡೀತದೆ,” ಎಂದರು ಸಾಬರು. “ನಾನು ನೋಡ್ತಾ ಇದ್ದೆ. ನೀನು ಆ ತುದೀಲಿ ಇಟ್ಟೆ. ಮೆಷಿನ್ ನಡುಗ್ತದಲ್ಲ, ಆ ನಡುಕಕ್ಕೆ ಕೂದಲೆಳೆ ಕೂದಲೆಳೆ ಸರೀತಾ ಬಂತು. ಒಂದೂ ಕಾಲು ಗಂಟೆ ತಗೊಳ್ತು ಒಂದು ಗೇಣು ನಡೆಯೋಕೆ. ಸ್ವಿಚ್ಚಿಗೆ ಒಂದು ಬೆರಳು ಹತ್ರ ಬಂತು ನೋಡು, ಆ ಕಡೆ ತೋಳು ಇನ್ನೂ ಚೀಲ ನೂಕ್ತಾ ಉಂಟು, ಈ ಕಡೆ ತೋಳು ಮನೇಲುಂಟು ಅಂತ ದೀಪ ಹತ್ತಿತು. ಮೆಷಿನ್ ನಿಂತೋಯ್ತು.”

“ಸಾವ್ಕಾರ್ರು ಬಂದಾಗ ನಾನು ಮೈ ಅಡ್ಡ ಮಾಡಿ ನಿಂತ್ಕೊಳ್ತಿದ್ದೆ,” ಎಂದಳು ಅಂಜನಮ್ಮ. “ಅವ್ರು ಕಣ್ಣೆದ್ರು ಇರುವಾಗ ತೆಗೆಯೋಕಾಗ್ತಿರ್ಲಿಲ್ಲ. ನಿಮ್ಮನ್ನ ಕರ್ಯೋಕೆ ಗೇಟಿಗೆ ಹೋದ್ರೆ, ಇಲ್ಲ ಫೋನ್ ಮಾಡೋಕೆ ಹೊರಗೆ ಹೋದ್ರೆ, ಆಗ ಸೊಂಟಕ್ಕೆ...” ಅವಳು ಅರ್ಧಕ್ಕೇ ನಿಲ್ಲಿಸಿ ಡಬ್ಬಿಯನ್ನು ತಾನೇ ಸ್ವಿಚ್ಚಿನ ಮೂತಿಯ ಮುಂದೆ ಹಿಡಿದಳು. ಸಾಸಿವೆ ದೀಪ ಹತ್ತಿತು. ಹಿಂದಕ್ಕೆ ತೆಗೆದಳು, ಆರಿತು. ವೀಳ್ಯದೆಲೆ ಹಿಡಿದಳು, ಇಲ್ಲ. ಅಡಿಕೆ ಹೋಳು ಹಿಡಿದಳು, ಇಲ್ಲ. ಗಾಜಿನ ಬಳೆ ತುಂಬಿದ ಕೈ ಹಿಡಿದಳು, ಇಲ್ಲ. ಮತ್ತೆ ಡಬ್ಬಿ. ಹತ್ತಿತು.

“ಅಯ್ಯೋ ನಮ್ ಡಬ್ಬಿಯಿಂದಾನಾ?” ಕುಸುಮಾ ನೆಲದ ಮೇಲೇ ಇನ್ನಷ್ಟು ಕುಸಿದು ಕೂತಳು. “ಹಿತ್ತಾಳೇದು ತರೋಣ ಅಂದಿದ್ದೆ ಕಣಕ್ಕಾ, ಈ ಹಾಳಾದವ್ರು ಸ್ಟೀಲೇ ಹೊಳೀತದೆ ಅಂದ್ರು.”

ಕಾರಣ ಸಿಕ್ಕಿತು, ದಾರಿ ಸಿಗಲಿಲ್ಲ. ನಿಜ ಹೇಳಿದರೆ ಎಲೆ ಅಡಿಕೆಗಾಗಿ ಅಂಜನಮ್ಮ ಗೇಟಿನ ಹೊರಗೆ. ಹೇಳದಿದ್ದರೆ ಸೋಮವಾರ ಸಾಬರು ಕುರ್ಚಿಯಲ್ಲಿ, ಅವಳು ನೆಲದಲ್ಲಿ. ನಾನೂ ಸಾಬರೂ ಗಡ್ಡ ಕೆರೆದುಕೊಂಡೆವು. ನನಗೆ ಗಡ್ಡ ಇಲ್ಲ, ಆದರೂ ಕೆರೆದುಕೊಂಡೆ.

ಅಂಜನಮ್ಮ ಮಾತ್ರ ಸಾಬರ ಅಂಗಿಯ ಜೇಬನ್ನೇ ನೋಡುತ್ತಿದ್ದಳು.

“ಸಾಬ್ರೇ, ಆ ಸ್ಪ್ಯಾನರ್ ಕಬ್ಬಿಣದ್ದೇ ಅಲ್ವಾ?”

ಸೋಮವಾರ ಸಾಹುಕಾರರು ತೆಂಗಿನಕಾಯಿ ಒಡೆಸಿ, ಸಾಬರನ್ನು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಅಂಜನಮ್ಮ ಆ ತುದಿಯಲ್ಲಿ ಕುಸುಮಾಳ ಪಕ್ಕ ನೆಲದ ಮೇಲೆ ಬೀಜ ಆರಿಸುತ್ತಿದ್ದಳು, ಏನೂ ತಿಳಿಯದವಳ ಹಾಗೆ. ಮೆಷಿನ್ ಚಾಲಾಯಿತು. ಮೂರು ಚೀಲ ಸರಾಗವಾಗಿ ಹೋದವು. ಸಾಬರು ಅಡ್ಡಪಟ್ಟಿಯ ಮೇಲೆ ಮೊಣಕೈ ಊರಿದರು. ಅಂಗೈಯೊಳಗೆ ಏನಿತ್ತು ಎನ್ನುವುದು ಅವರಿಗೂ ನನಗೂ ಗೊತ್ತು.

ಮೆಷಿನ್ ನಿಂತಿತು.

“ಎಂತ ಸಾಬ್ರೇ ಇದು?” ಸಾಹುಕಾರರ ಬಾಯಿ ತೆರೆದೇ ಉಳಿಯಿತು. “ನೀವು ಇಲ್ಲೇ ಇದ್ದೀರಲ್ಲ?”

“ಇದ್ದೀನಿ ಸಾರ್.”

“ಇನ್ನೂ ಹತ್ರ ಬನ್ನಿ!”

ಸಾಬರು ಮೆಷಿನ್ನನ್ನು ಅಪ್ಪಿಕೊಳ್ಳುವಷ್ಟು ಹತ್ತಿರ ಹೋದರು. ಗುಂಡಿ ಒತ್ತಿದರೆ ಉಸಿರಿಲ್ಲ. ಸಾಹುಕಾರರು ಹೊರಗೆ ಹೋಗಿ ಫೋನಿನಲ್ಲಿ ಹಲೋ ಎನ್ನಿಸಿದರು. ಪಾಪ ಸಾಬರು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಸ್ವಿಚ್ಚಿನ ಹತ್ತಿರ. ಉಸಿರಿಲ್ಲ.

“ನಂಗೆ ಮೊನ್ನೆಯಿಂದಾನೇ ಅನುಮಾನ ಸಾರ್,” ಎಂದರು ಸಾಬರು, ಜ್ವರದ ಸುದ್ದಿ ಹೇಳುವ ಡಾಕ್ಟರ ಮುಖ ಮಾಡಿಕೊಂಡು. “ಆ ಹಸು ಒದ್ದ ಮೇಲೆ ನನ್ನ ಶಕ್ತಿ ಇಳಿದುಹೋಗಿದೆ.”

ಅಷ್ಟರಲ್ಲಿ ಅಂಜನಮ್ಮ ಆರಿಸಿದ ಬೀಜದ ಬುಟ್ಟಿ ಹೊತ್ತು ಆ ದಾರಿಯಾಗಿ ಹೊರಟಳು. ಅವಳು ಮೆಷಿನ್‌ನಿಂದ ನಾಲ್ಕು ಹೆಜ್ಜೆ ದೂರ ಇರುವಾಗ ಸಾಬರು ಕೈ ಹಿಂದಕ್ಕೆ ತೆಗೆದರು. ನಾನು, ಕೆಮ್ಮು ಬಂದವನ ಹಾಗೆ ಮುಂದಕ್ಕೆ ಬಗ್ಗಿ, ಹಸಿರು ಗುಂಡಿಯ ಮೇಲೆ ಕೈ ಊರಿದೆ. ಮೆಷಿನ್ ಹೊರಟಿತು. ಅವಳು ದಾಟಿ ನಾಲ್ಕು ಹೆಜ್ಜೆ ಆಚೆ ಹೋದಳು, ನಿಂತಿತು. ವಾಪಸು ಬಂದಳು. ನಾನು ಮತ್ತೆ ಕೆಮ್ಮಿದೆ, ಹೊರಟಿತು.

ಸಾಹುಕಾರರು ಅವಳನ್ನು ಹಾಗೆ ಆರು ಸಲ ನಡೆಸಿದರು. ಅವಳು ಬುಟ್ಟಿ ಇಳಿಸದೆ, ಮುಖದ ಒಂದು ಗೆರೆ ಅಲ್ಲಾಡಿಸದೆ, ಆರು ಸಲವೂ ನಡೆದಳು. ನನಗೆ ಕೆಮ್ಮು ನಿಜವಾಗಿಯೂ ಹಿಡಿದುಕೊಂಡಿತು.

“ಕುರ್ಚಿ ಬಿಡಿ ಸಾಬ್ರೇ, ಏಳಿ ಏಳಿ,” ಎಂದರು ಸಾಹುಕಾರರು. ಆಮೇಲೆ ಅವಳ ಕಡೆ ತಿರುಗಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, “ಕೂತ್ಕೊಳ್ಳಿ ಅಂಜನಮ್ಮನೋರೇ,” ಎಂದರು.

ಅವಳು ಬುಟ್ಟಿ ಕೆಳಗಿಟ್ಟು ಕೂತಳು. ತುದಿಯಲ್ಲಲ್ಲ. ನೇರವಾಗಿ ಬೆನ್ನು ಒರಗಿಸಿಯೇ ಕೂತಳು.

ಅವತ್ತು ಮಧ್ಯಾಹ್ನವೇ ಸಾಬರು ಆ ಅಡ್ಡಪಟ್ಟಿಗೆ ಸಿಲ್ವರ್ ಓಕ್ ಮರದ ಒಂದು ತುಂಡನ್ನು ಇಳಿಜಾರಾಗಿ ಬಿಗಿದರು. ಈಗ ಅದರ ಮೇಲೆ ಏನಿಟ್ಟರೂ ಜಾರಿ ಬೀಳುತ್ತದೆ. ಡಬ್ಬಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಟೀ ಹೊತ್ತಿಗೆ ಅಂಜನಮ್ಮ ಬಂದು ಹೊರಗೆ ತೆಗೆದುಕೊಂಡು ಹೋಗುತ್ತಾಳೆ. ಅದರಿಂದ ನನಗೂ ಎಲೆ ಅಡಿಕೆಯ ಚಟ ಹತ್ತಿದೆ. ಮೆಷಿನ್ ಇವತ್ತಿನವರೆಗೆ ನಿಂತಿಲ್ಲ. ಕುಸುಮಾಳೂ ಪಕ್ಕದಲ್ಲಿ ನಿಂತು ಕೆಲಸ ಕಲಿಯುತ್ತಿದ್ದಾಳೆ. ಮುಂದಿನ ಸೀಸನ್ನಿಗೆ ಎರಡನೇ ಮೆಷಿನ್ ಬರುತ್ತದೆ, ಅದರ ಕುರ್ಚಿಯ ಬಣ್ಣ ಯಾವುದೆಂದು ಈಗಲೇ ವಿಚಾರಿಸುತ್ತಿದ್ದಾಳೆ.

ಕಳೆದ ವಾರ ಹೊರನಾಡಿಗೆ ಹೊರಟ ಸಾಹುಕಾರರ ಜೀಪು ಅಂಗಳದಲ್ಲೇ ಸ್ಟಾರ್ಟ್ ಆಗಲಿಲ್ಲ. ಹೆಂಡತಿ ಮಕ್ಕಳೆಲ್ಲ ಹತ್ತಿ ಕೂತಿದ್ದರು. ಒಳಗೆ ಹೇಳಿಕಳಿಸಿದರು: ಅಂಜನಮ್ಮನವರು ಒಂದು ನಿಮಿಷ ಬಂದು ಜೀಪಿನ ಹತ್ತಿರ ನಿಲ್ಲಬೇಕಂತೆ.

ಅಂಜನಮ್ಮ ಎದ್ದಳು. ಎರಡು ಹೆಜ್ಜೆ ನಡೆದು ನಿಂತಳು.

“ರೈಟ್ರೇ, ನಿಂತ್ರೆ ನಂಗೆ ಸೊಂಟ ಹಿಡೀತದೆ. ಕುರ್ಚಿ ತನ್ನಿ.”

ನಾನು ಕುರ್ಚಿ ಹೊತ್ತುಕೊಂಡು ಹೋಗಿ ಜೀಪಿನ ಮೂತಿಯ ಪಕ್ಕ ಇಟ್ಟೆ. ಅವಳು ಕೂತಳು. ಗೋಡೌನಿನಿಂದ ಹೊರಗಾದ್ದರಿಂದ ಬೋರ್ಡಿನ ಹೆದರಿಕೆಯಿಲ್ಲ; ನನ್ನ ಕೈಯಿಂದ ಡಬ್ಬಿ ತರಿಸಿಕೊಂಡು, ಎಲೆಗೆ ಸುಣ್ಣ ಹಚ್ಚತೊಡಗಿದಳು. ಅವತ್ತು ಮೆಷಿನ್‌ಗೆ ಎಣ್ಣೆ ಹಾಕಲು ಬಂದು, ಬಾನೆಟ್ಟಿನ ಆ ಬದಿಯಲ್ಲಿ ಬಗ್ಗಿದ್ದ ರಜಾಕ್ ಸಾಬರು, ಬ್ಯಾಟರಿಯಲ್ಲಿ ಸಡಿಲವಾಗಿದ್ದ ವೈರನ್ನು ಆ ಸಣ್ಣ ಸ್ಪ್ಯಾನರಿನಲ್ಲಿ ಬಿಗಿಮಾಡಿ ನೆಟ್ಟಗಾದರು.

ಜೀಪು ಒಂದೇ ಸಲಕ್ಕೆ ಗುರ್ ಎಂದಿತು.

ಸಾಹುಕಾರರು ಕಿಟಕಿಯಿಂದ ತಲೆ ಹೊರಹಾಕಿದರು. ಅಂಜನಮ್ಮ ಮಡಿಚಿದ ಎಲೆಯನ್ನು ಅವರ ಮುಂದೆ ಹಿಡಿದಳು.

“ತಗೊಳ್ಳಿ ಸಾವ್ಕಾರ್ರೇ. ಘಾಟಿ ದಾರಿ, ವಾಂತಿ ಬರಲ್ಲ.”

ಅವರು ಬೋರ್ಡಿನ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ನಾನು ಆಕಾಶ ನೋಡುತ್ತ, ಈ ಸಲ ಮಳೆ ಎಷ್ಟು ಇಂಚು ಬರಬಹುದು ಎಂದು ಯೋಚಿಸುತ್ತಿದ್ದೆ. ಮತ್ತೆ ತಿರುಗಿದಾಗ ಅವರ ಕೆನ್ನೆ ಉಬ್ಬಿತ್ತು, ಜೀಪು ಗೇಟು ದಾಟುತ್ತಿತ್ತು.